ಗಾಡಿ ದಾರಿಯಲ್ಲೇ ಕೆಟ್ಟು ನಿಂತಾಗ: ಶೋರೂಮ್ ಇಲ್ಲದ ಕಾಲದಲ್ಲಿ ಬರ್ತಾ ಬೆಂಜ್ ಮಾಡಿದ್ದೇನು?

ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಒಂದು ಮೆಡಿಕಲ್ ಶಾಪ್. ಕಾರಿಗೆ ಬ್ರೇಕ್ ಕಂಡುಹಿಡಿದದ್ದು ಒಬ್ಬ ಗೃಹಿಣಿ. ಆಕೆ ಗಂಡನಿಗೆ ಹೇಳದೆ ಕಾರು ತೆಗೆದುಕೊಂಡು ತವರಿಗೆ ಹೋದದ್ದರಿಂದಲೇ ಇವತ್ತು ನಾವೆಲ್ಲ ಕಾರಿನಲ್ಲಿ ಓಡಾಡುತ್ತಿದ್ದೇವೆ. ಆಕೆಯ ಮಗಳ ಹೆಸರೇ ಮರ್ಸಿಡಿಸ್.

ಇಂಥದ್ದೊಂದು ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಇದರಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಒಂದು ಪೂರ್ತಿ ಸುಳ್ಳು. ಯಾವುದು ಯಾವುದು ಎಂದು ನೋಡುವ ಮೊದಲು ಒಂದು ಸನ್ನಿವೇಶ ನೆನಪಿಸಿಕೊಳ್ಳಿ.

ನೀವು ಮನೆಯವರ ಜೊತೆ ಹಾವೇರಿ ತಾಲೂಕಿನ ಅಗಡಿಗೆ ಹೊರಟಿದ್ದೀರಿ. ಗಳಗನಾಥರ ಸದ್ಬೋಧ ಚಂದ್ರಿಕೆ ಪತ್ರಿಕೆ ಹೊರಬರುತ್ತಿದ್ದ ಆನಂದವನ ಇರುವ ಊರು ಅದು. ಹೆದ್ದಾರಿ ಬಿಟ್ಟು ಊರಿನ ರಸ್ತೆಗೆ ಇಳಿದಿದ್ದೀರಿ. ಕಾರಿನ ಬಾನೆಟ್‌ನಿಂದ ಹಬೆ ಏಳುತ್ತದೆ, ಗಾಡಿ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಅಜ್ಜಿ, ಮಕ್ಕಳು. ಕಾರು ತೆಗೆದುಕೊಂಡ ಶೋರೂಮಿಗೆ ಫೋನ್ ಮಾಡಿದರೆ ಒಬ್ಬರು ಇನ್ನೊಬ್ಬರ ನಂಬರ್ ಕೊಡುತ್ತಾರೆ, ಅವರು ಮತ್ತೊಬ್ಬರ ನಂಬರ್ ಕೊಡುತ್ತಾರೆ. ಕಾರು ಮಾರುವಾಗ ಚಹಾ ಕೊಟ್ಟು ಕೂರಿಸಿದವರು ಈಗ ಎಲ್ಲಿ ಎಂದು ಸಿಟ್ಟು ಬರುವುದು ಸಹಜ.

ಈಗ ಇದೇ ಸನ್ನಿವೇಶದಿಂದ ಒಂದೊಂದನ್ನೇ ತೆಗೆದುಹಾಕಿ. ಫೋನ್ ಇಲ್ಲ. ಶೋರೂಮ್ ಇಲ್ಲ. ಗ್ಯಾರೇಜ್ ಇಲ್ಲ. ಪೆಟ್ರೋಲ್ ಬಂಕ್ ಇಲ್ಲ. ಡಾಂಬರು ರಸ್ತೆಯೂ ಇಲ್ಲ. ಮೆಕ್ಯಾನಿಕ್ ಎಂಬ ಕಸುಬು ಇನ್ನೂ ಹುಟ್ಟೇ ಇಲ್ಲ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್ ನಿಂತಿದ್ದು ಅಂಥ ರಸ್ತೆಯಲ್ಲಿ.

ಬಡಗಿ ಕೆಲಸದವರ ಮನೆಯ ಮಗಳು

ಬರ್ತಾ ರಿಂಗರ್ ಹುಟ್ಟಿದ್ದು 1849ರ ಮೇ 3ರಂದು, ಇಂದಿನ ಜರ್ಮನಿಯ ನೈರುತ್ಯ ಭಾಗದಲ್ಲಿರುವ ಫೋರ್ಟ್ಸ್‌ಹೈಮ್ ಎಂಬ ಪಟ್ಟಣದಲ್ಲಿ. ತಂದೆ ಬಡಗಿ ಕೆಲಸದಿಂದ ಮೇಲೆ ಬಂದು ಮನೆ ಕಟ್ಟಿಸುವ ಕೆಲಸದಲ್ಲಿ ಚೆನ್ನಾಗಿ ಸಂಪಾದಿಸಿದವರು. ಈ ಸಲವೂ ಹೆಣ್ಣೇ ಹುಟ್ಟಿತಲ್ಲ ಎಂಬ ಬೇಸರವನ್ನು ಅವರು ಮನೆಯ ಬೈಬಲ್‌ನಲ್ಲಿ ಬರೆದಿಟ್ಟಿದ್ದರು, ಮುಂದೆ ಅದು ಮಗಳ ಕಣ್ಣಿಗೂ ಬಿತ್ತು ಎಂದು ಆ ಮನೆತನದ ಕಥೆ ಹೇಳುತ್ತದೆ. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ ಅದು.

1869ರಲ್ಲಿ ಅವರಿಗೆ ಕಾರ್ಲ್ ಬೆಂಜ್ ಎಂಬ ಯುವ ಇಂಜಿನಿಯರ್ ಪರಿಚಯವಾಯಿತು. ಕಾರ್ಲ್ ಬಳಿ ಹಣ ಇರಲಿಲ್ಲ. ಕುದುರೆ ಇಲ್ಲದೆ ತಾನೇ ಓಡುವ ಗಾಡಿ ಮಾಡಬೇಕು ಎಂಬ ಆಸೆ ಮಾತ್ರ ಇತ್ತು. 1871ರಲ್ಲಿ ಕಾರ್ಲ್ ಪಾಲುದಾರರೊಬ್ಬರ ಜೊತೆ ಮಾನ್‌ಹೈಮ್ ನಗರದಲ್ಲಿ ವರ್ಕ್‌ಶಾಪ್ ಶುರುಮಾಡಿದರು. ಪಾಲುದಾರಿಕೆ ಕೆಟ್ಟಿತು. ಆಗ ಬರ್ತಾ ಮದುವೆಗೆ ಮುನ್ನವೇ ತವರಿನಿಂದ ತನ್ನ ವರದಕ್ಷಿಣೆಯ ಹಣ ತರಿಸಿಕೊಂಡು ಆ ಪಾಲುದಾರನ ಪಾಲನ್ನು ಬಿಡಿಸಿಕೊಟ್ಟರು.

1872ರ ಜುಲೈ 20ರಂದು ಮದುವೆಯಾಯಿತು. ಆ ದಿನದಿಂದ ಕಾನೂನಿನ ಲೆಕ್ಕ ಬದಲಾಯಿತು. ಮದುವೆಗೆ ಮುನ್ನ ಬರ್ತಾ ತಮ್ಮ ಹಣ ಎಲ್ಲಿ ಹಾಕಬೇಕು ಎಂದು ತಾವೇ ನಿರ್ಧರಿಸಬಹುದಿತ್ತು. ಮದುವೆಯಾದ ಹೆಂಗಸಿಗೆ ಆಗಿನ ಜರ್ಮನ್ ಕಾನೂನು ಆ ಹಕ್ಕು ಕೊಡುತ್ತಿರಲಿಲ್ಲ. ಹಾಗಾಗಿ ಹಣ ಅವರದ್ದಾದರೂ ಕಂಪನಿಯ ಕಾಗದಗಳಲ್ಲಿ ಅವರ ಹೆಸರಿಲ್ಲ, ಪೇಟೆಂಟ್‌ನಲ್ಲೂ ಇಲ್ಲ.

ಮುಂದಿನ ವರ್ಷಗಳು ಸುಲಭವಾಗಿರಲಿಲ್ಲ. ಮಕ್ಕಳಾದರು, ಸಾಲವೂ ಆಯಿತು. 1879ರ ಡಿಸೆಂಬರ್ 31ರ ರಾತ್ರಿ ಗಂಡಹೆಂಡತಿ ವರ್ಕ್‌ಶಾಪಿಗೆ ಹೋಗಿ ಮತ್ತೊಮ್ಮೆ ಪ್ರಯತ್ನಿಸಿದಾಗ ಕಾರ್ಲ್ ಅವರ ಟು-ಸ್ಟ್ರೋಕ್ ಇಂಜಿನ್ ಮೊದಲ ಬಾರಿಗೆ ಸರಿಯಾಗಿ ಓಡಿತು. 1886ರ ಜನವರಿ 29ರಂದು ಕಾರ್ಲ್ ಮೂರು ಗಾಲಿಯ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಹಾಕಿದರು. ಅದರ ಸಂಖ್ಯೆ 37435. ಕಾರಿನ ಜನ್ಮಪತ್ರ ಎಂದು ಇವತ್ತು ಹೇಳುವುದು ಇದನ್ನೇ. ಅದೇ ವರ್ಷ ಜುಲೈ 3ರಂದು ಮಾನ್‌ಹೈಮ್ ರಸ್ತೆಯಲ್ಲಿ ಜನರೆದುರು ಗಾಡಿ ಓಡಿತು.

ಆದರೆ ಕೊಳ್ಳುವವರು ಇರಲಿಲ್ಲ. ಕಾರಣ ಸರಳ. ನಮ್ಮೂರಲ್ಲಿ ಯಾರಾದರೂ ಹೊಸ ಕಂಪನಿಯ ಗಾಡಿ ನೋಡಲು ಹೋದರೆ ಮೊದಲು ಕೇಳುವುದೇನು? ದೂರ ಹೋದರೆ ಕೈಕೊಡುತ್ತದೆಯೇ, ಕೆಟ್ಟರೆ ರಿಪೇರಿ ಮಾಡುವವರು ಸಿಗುತ್ತಾರೆಯೇ? ಆಗಿನ ಜನರ ಅನುಮಾನವೂ ಅದೇ. ಊರೊಳಗೆ ಒಂದು ಸುತ್ತು ಹಾಕಿ ತೋರಿಸಿದರೆ ಆ ಅನುಮಾನ ಹೋಗುವುದಿಲ್ಲ. ಕಾರ್ಲ್ ಎಷ್ಟು ಒಳ್ಳೆಯ ಇಂಜಿನಿಯರೋ ಮಾರುವುದರಲ್ಲಿ ಅಷ್ಟೇ ಹಿಂದೆ. ಗಾಡಿ ಇನ್ನೂ ಸರಿಯಾಗಬೇಕು ಎಂದು ತಿದ್ದುತ್ತಲೇ ಇದ್ದರು. ಬರ್ತಾ ಹಾಕಿದ ತವರಿನ ಹಣ ವರ್ಕ್‌ಶಾಪಿನಲ್ಲೇ ನಿಂತಿತ್ತು.

ತವರಿಗೆ ಹೊರಟ ಗಾಡಿ

1888ರ ಆಗಸ್ಟ್ ಮೊದಲ ವಾರ, ಶಾಲೆಗೆ ರಜೆ. ಒಂದು ಬೆಳಗಿನ ಜಾವ ಬರ್ತಾ, 15 ವರ್ಷದ ಮಗ ಓಯ್ಗೆನ್, 13 ವರ್ಷದ ಮಗ ರಿಚರ್ಡ್ ಮೂವರೂ ಗಾಡಿ ಹೊರತೆಗೆದರು. ಕಾರ್ಲ್ ಅವರಿಗೆ ಮೊದಲೇ ಹೇಳಲಿಲ್ಲ. ಹೋಗಬೇಕಾಗಿದ್ದು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಅಂದರೆ ತವರಿಗೆ. ದೂರ 100 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಹಾವೇರಿಯಿಂದ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಧಾರವಾಡ ದಾಟಿದರೆ ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟು. ಅಲ್ಲಿಯವರೆಗೆ ಮೋಟಾರು ಗಾಡಿಗಳು ಓಡಿದ್ದು ಪರೀಕ್ಷೆಗೆಂದು ಸ್ವಲ್ಪ ದೂರ ಮಾತ್ರ, ಜೊತೆಗೆ ಕೆಲಸಗಾರರೂ ಇರುತ್ತಿದ್ದರು.

ದಾರಿಯಲ್ಲಿ ಗಾಡಿ ಒಂದಲ್ಲ, ಹಲವು ಸಲ ಕೈಕೊಟ್ಟಿತು. ಒಂದೊಂದು ತೊಂದರೆಯ ಹಿಂದೆಯೂ ಇಂದಿಗೂ ಉಪಯೋಗಕ್ಕೆ ಬರುವ ವಿಜ್ಞಾನವಿದೆ.

ಮೊದಲನೆಯದು ಇಂಧನ. ಗಾಡಿಯಲ್ಲಿ ಹಿಡಿಯುತ್ತಿದ್ದ ಇಂಧನ ಇಷ್ಟು ದೂರಕ್ಕೆ ಸಾಲುತ್ತಿರಲಿಲ್ಲ. ಅದು ಓಡುತ್ತಿದ್ದುದು ಲಿಗ್ರೋಯಿನ್ ಎಂಬ ದ್ರವದಿಂದ. ಕಚ್ಚಾ ಎಣ್ಣೆಯಿಂದ ತೆಗೆಯುವ, ಬೇಗ ಆವಿಯಾಗುವ ಈ ದ್ರವವನ್ನು ಜನ ಬಟ್ಟೆಯ ಕಲೆ ತೆಗೆಯಲು ಬಳಸುತ್ತಿದ್ದರು, ಅದು ಸಿಗುತ್ತಿದ್ದುದು ಔಷಧಿ ಅಂಗಡಿಯಲ್ಲಿ. ಹೈಡೆಲ್‌ಬರ್ಗ್‌ನ ದಕ್ಷಿಣಕ್ಕಿರುವ ವೀಸ್‌ಲಾಖ್ ಎಂಬ ಊರಿನಲ್ಲಿ ವಿಲ್ಲಿ ಓಕೆಲ್ ಅವರ ಔಷಧಿ ಅಂಗಡಿ ಇತ್ತು. ಬರ್ತಾ ಅಲ್ಲಿ ಗಾಡಿ ನಿಲ್ಲಿಸಿ ಲಿಗ್ರೋಯಿನ್ ಕೊಂಡರು.

ಎರಡನೆಯದು ನೀರು. ಇಂಜಿನ್ ಓಡುವಾಗ ಇಂಧನದ ಶಕ್ತಿಯಲ್ಲಿ ದೊಡ್ಡ ಪಾಲು ಬಿಸಿಯಾಗಿ ವ್ಯರ್ಥವಾಗುತ್ತದೆ. ಆ ಬಿಸಿಯನ್ನು ಹೊರಗೆ ಹಾಕದಿದ್ದರೆ ಇಂಜಿನ್ ಹಿಡಿದುಕೊಳ್ಳುತ್ತದೆ. ಬೆಂಜ್ ಗಾಡಿಯಲ್ಲಿ ನೀರು ಕುದಿದು ಹಬೆಯಾಗಿ ಹೋಗುತ್ತಿತ್ತು, ಹಬೆಯ ಜೊತೆ ಬಿಸಿಯೂ ಹೋಗುತ್ತಿತ್ತು. ಮಣ್ಣಿನ ಗಡಿಗೆಯ ನೀರು ಆವಿಯಾಗುತ್ತಾ ತಂಪಾಗುವುದೂ ಇದೇ ತತ್ವದ ಮೇಲೆ. ಆದರೆ ಹಬೆಯಾಗಿ ಹೋದ ನೀರು ವಾಪಸ್ ಬರುವುದಿಲ್ಲ. ಹಾಗಾಗಿ ತಾಯಿ ಮಕ್ಕಳು ಬಾವಿ, ಹಳ್ಳ, ಹೋಟೆಲು ಎಲ್ಲಿ ನೀರು ಸಿಕ್ಕಿತೋ ಅಲ್ಲಿ ನಿಂತು ತುಂಬಿಸಿಕೊಳ್ಳಬೇಕಾಯಿತು.

ಮೂರನೆಯದು ಇಂಧನದ ಕೊಳವೆಯಲ್ಲಿ ಕಸ. ಕೊಳವೆ ಕಟ್ಟಿಕೊಂಡು ಇಂಜಿನ್ ನಿಂತಿತು. ಆ ಕಾಲದ ಹೆಂಗಸರು ಟೋಪಿ ಜಾರದಂತೆ ಕೂದಲಿಗೆ ಚುಚ್ಚಿಕೊಳ್ಳುತ್ತಿದ್ದ ಉದ್ದನೆಯ ಪಿನ್‌ನಿಂದ ಬರ್ತಾ ಅದನ್ನು ಬಿಡಿಸಿದರು. ಇವತ್ತು ಈ ಕೆಲಸ ಮಾಡುವುದು ಫ್ಯೂಯೆಲ್ ಫಿಲ್ಟರ್.

ನಾಲ್ಕನೆಯದು ವಿದ್ಯುತ್ ತಂತಿ. ಕಿಡಿ ಹೊತ್ತಿಸುವ ತಂತಿಯ ಮೇಲಿನ ಹೊದಿಕೆ ಉಜ್ಜಿ ಹೋಗಿ ಶಾರ್ಟ್ ಆಗುತ್ತಿತ್ತು. ಕಾಲುಚೀಲ ಜಾರದಂತೆ ಕಟ್ಟುವ ಪಟ್ಟಿಯನ್ನು ಬಿಚ್ಚಿ ಬರ್ತಾ ಆ ತಂತಿಗೆ ಸುತ್ತಿದರು. ನಮ್ಮ ಎಲೆಕ್ಟ್ರಿಷಿಯನ್ ಕಪ್ಪು ಟೇಪ್ ಸುತ್ತುವುದು ಇದೇ ಕೆಲಸಕ್ಕೆ.

ಐದನೆಯದು ಚೈನು. ಗಾಲಿ ತಿರುಗಿಸುವ ಚೈನು ಹಳೆಯ ಸೈಕಲ್ ಚೈನಿನಂತೆ ಸಡಿಲವಾಗಿತ್ತು. ಬ್ರೂಖ್‌ಸಾಲ್ ಊರಿನ ಕಮ್ಮಾರರೊಬ್ಬರು ಸರಿಮಾಡಿಕೊಟ್ಟರು. ಅವರು ಅಲ್ಲಿಯವರೆಗೆ ಎತ್ತು, ಕುದುರೆ ಗಾಡಿಗಳ ಕೆಲಸ ಮಾಡಿದವರು.

ಆರನೆಯದು ಬ್ರೇಕ್, ಎಲ್ಲಕ್ಕಿಂತ ಅಪಾಯದ್ದು. ಈ ಗಾಡಿಯಲ್ಲಿ ಮರದ ತುಂಡುಗಳು ಉಜ್ಜಿ ವೇಗ ತಗ್ಗಿಸುತ್ತಿದ್ದವು. ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಹಾಕಿ ಮರ ಸವೆಯಿತು. ಬೌಶ್ಲಾಟ್ ಎಂಬ ಹಳ್ಳಿಯಲ್ಲಿ ಚಪ್ಪಲಿ ಬೂಟು ಮಾಡುವವರ ಬಳಿ ಹೋಗಿ ಬರ್ತಾ ಆ ಮರದ ತುಂಡುಗಳಿಗೆ ಚರ್ಮ ಬಡಿಸಿಕೊಂಡರು. ಸವೆದರೆ ಚರ್ಮ ಮಾತ್ರ ಬದಲಾಯಿಸಿದರೆ ಸಾಕು. ಇಂದಿನ ಬ್ರೇಕ್ ಪ್ಯಾಡ್ ಹಿಂದಿರುವುದೂ ಇದೇ ಆಲೋಚನೆ.

ಕೊನೆಯದು ಏರು. ಇಂಜಿನ್‌ಗೆ ಏರು ಹತ್ತುವ ಶಕ್ತಿ ಇರಲಿಲ್ಲ. ಕಡಿದಾದ ಕಡೆ ಇಳಿದು ಗಾಡಿಯನ್ನು ತಳ್ಳಿದರು. ಕತ್ತಲಾಗುವ ಹೊತ್ತಿಗೆ ಫೋರ್ಟ್ಸ್‌ಹೈಮ್ ತಲುಪಿ ಕಾರ್ಲ್ ಅವರಿಗೆ ಟೆಲಿಗ್ರಾಂ ಕಳಿಸಿದರು. ಕೆಲವು ದಿನಗಳ ನಂತರ ಅದೇ ಗಾಡಿಯಲ್ಲಿ ಮನೆಗೆ ಮರಳಿದರು.

ಇಲ್ಲಿ ಒಂದು ಮಾತು ಹೇಳಬೇಕು. ಟೋಪಿ ಪಿನ್, ಕಾಲುಪಟ್ಟಿಯಂಥ ವಿವರಗಳು ಬಹುತೇಕ ಆ ಕುಟುಂಬದವರ ನೆನಪಿನಿಂದ ಬಂದವು. ದಾರಿಯಲ್ಲಿ ಯಾರೂ ವರದಿ ಬರೆದುಕೊಂಡಿರಲಿಲ್ಲ. ಆದರೆ ಪ್ರಯಾಣ ನಡೆದದ್ದು, ವೀಸ್‌ಲಾಖ್‌ನ ಔಷಧಿ ಅಂಗಡಿ ಇವುಗಳಲ್ಲಿ ಅನುಮಾನವಿಲ್ಲ.

ದೂರು ಕೇಳಿಸಿಕೊಂಡ ಕಂಪನಿ

ಫಾರ್ವರ್ಡ್‌ಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಆದರೆ ನಮಗೆ ಬೇಕಾದ ಪಾಠ ಇರುವುದು ಆಮೇಲೆ ನಡೆದದ್ದರಲ್ಲಿ. ಬರ್ತಾ ಮತ್ತು ಮಕ್ಕಳು ದಾರಿಯಲ್ಲಿ ಏನೇನು ಕೆಟ್ಟಿತು ಎಂಬುದನ್ನು ಒಂದೂ ಬಿಡದೆ ಕಾರ್ಲ್ ಅವರಿಗೆ ಹೇಳಿದರು. ಏರು ಹತ್ತುವುದಿಲ್ಲ ಎಂಬ ದೂರಿಗೆ ಉತ್ತರವಾಗಿ ಕಾರ್ಲ್ ಗಾಡಿಗೆ ಇನ್ನೊಂದು ಗೇರ್ ಸೇರಿಸಿದರು. ಬ್ರೇಕಿಗೂ ಚರ್ಮದ ಹೊದಿಕೆ ಬಂತು. ದೂರು ಕೊಟ್ಟವರು ಹೆಂಡತಿ ಮಕ್ಕಳು, ಕೇಳಿಸಿಕೊಂಡವರು ಗಾಡಿ ಮಾಡಿದವರೇ. ಮಧ್ಯೆ ಯಾರೂ ಇರಲಿಲ್ಲ.

ಅದೇ ವರ್ಷ ಮ್ಯೂನಿಕ್ ನಗರದ ಯಂತ್ರಗಳ ಪ್ರದರ್ಶನದಲ್ಲಿ ಬೆಂಜ್ ಗಾಡಿಗೆ ಚಿನ್ನದ ಪದಕ ಬಂತು. ಪ್ಯಾರಿಸ್‌ನಲ್ಲಿ ಎಮಿಲ್ ರೋಜೆ ಎಂಬವರು ಬೆಂಜ್ ಗಾಡಿಗಳನ್ನು ಮಾರುವ ಏಜೆಂಟ್ ಆದರು. ಇಂದಿನ ಡೀಲರ್‌ಗಳ ಹಿರಿಯಜ್ಜ ಎಂದರೆ ಇವರನ್ನೇ ಹೇಳಬೇಕು. ಕಂಪನಿಯ ವ್ಯಾಪಾರ ನಿಧಾನವಾಗಿ ಕುದುರಿತು. 1894ರಲ್ಲಿ ಬಂದ ವೆಲೋ ಎಂಬ ಸಣ್ಣ ಗಾಡಿ ಸಾವಿರಕ್ಕೂ ಹೆಚ್ಚು ತಯಾರಾಯಿತು. 1900ರ ಹೊತ್ತಿಗೆ ಬೆಂಜ್ ಕಂಪನಿ ಜಗತ್ತಿನಲ್ಲೇ ಅತಿ ಹೆಚ್ಚು ಕಾರು ಮಾಡುವ ಕಂಪನಿಯಾಗಿತ್ತು.

ಕಾರ್ಲ್ 1929ರಲ್ಲಿ ತೀರಿಕೊಂಡರು. ಬರ್ತಾ ಲಾಡೆನ್‌ಬರ್ಗ್ ಎಂಬ ಊರಿನ ಮನೆಯಲ್ಲಿ ಇನ್ನೂ 15 ವರ್ಷ ಬದುಕಿದರು. 1944ರ ಮೇ 3ರಂದು, ಅವರಿಗೆ 95 ತುಂಬಿದ ದಿನ, ಕಾರ್ಲ್ಸ್‌ರೂಹ ತಾಂತ್ರಿಕ ವಿಶ್ವವಿದ್ಯಾಲಯ ಅವರನ್ನು ಗೌರವ ಸೆನೆಟರ್ ಎಂದು ಗೌರವಿಸಿತು. ಅವರು ಹುಡುಗಿಯಾಗಿದ್ದಾಗ ಹೆಣ್ಣು ಎಂಬ ಕಾರಣಕ್ಕೆ ಬಾಗಿಲು ಮುಚ್ಚಿದ್ದು ಇಂಥ ಸಂಸ್ಥೆಗಳೇ. ಎರಡು ದಿನದ ನಂತರ, ಮೇ 5ರಂದು ಅವರು ತೀರಿಕೊಂಡರು. 2008ರಲ್ಲಿ ಅವರು ಸಾಗಿದ ದಾರಿಗೆ ಬರ್ತಾ ಬೆಂಜ್ ಸ್ಮಾರಕ ಮಾರ್ಗ ಎಂದು ಹೆಸರಿಟ್ಟರು.

ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ಮೊದಲ ಪೆಟ್ರೋಲ್ ಬಂಕ್ ಮೆಡಿಕಲ್ ಶಾಪ್: ಬಹುಮಟ್ಟಿಗೆ ನಿಜ. ಆದರೆ ಅಲ್ಲಿ ಪಂಪ್ ಇರಲಿಲ್ಲ, ಕೊಂಡದ್ದು ಇಂದಿನ ಪೆಟ್ರೋಲೂ ಅಲ್ಲ. ಕಲೆ ತೆಗೆಯುವ ಲಿಗ್ರೋಯಿನ್.

ಬ್ರೇಕ್ ಕಂಡುಹಿಡಿದದ್ದು ಬರ್ತಾ: ಅರ್ಧ ನಿಜ. ಗಾಡಿಗಳಿಗೆ ಬ್ರೇಕ್ ಮೊದಲೇ ಇತ್ತು. ಸವೆಯುವ ಭಾಗಕ್ಕೆ ಚರ್ಮದ ಹೊದಿಕೆ ಹಾಕಿಸಿದ್ದು ಬರ್ತಾ.

ಆ ಒಂದು ಪ್ರಯಾಣದಿಂದಲೇ ಕಾರು ಬಂತು: ಅರ್ಧ ನಿಜ. ಈ ಗಾಡಿಯನ್ನು ನಂಬಬಹುದು ಎಂದು ತೋರಿಸಿದ್ದು ಆ ಪ್ರಯಾಣ. ಆದರೆ ಅದೇ ಕಾಲದಲ್ಲಿ ಡೈಮ್ಲರ್ ಮತ್ತು ಮೈಬಾಖ್ ಎಂಬ ಇಬ್ಬರು ಬೇರೆ ಊರಿನಲ್ಲಿ ತಮ್ಮದೇ ಮೋಟಾರು ಗಾಡಿ ಮಾಡುತ್ತಿದ್ದರು.

ಮಗಳ ಹೆಸರು ಮರ್ಸಿಡಿಸ್: ಸುಳ್ಳು. ಬರ್ತಾ ಅವರ ಹೆಣ್ಣುಮಕ್ಕಳು ಕ್ಲಾರಾ, ಟಿಲ್ಡೆ ಮತ್ತು ಎಲೆನ್. ಮರ್ಸಿಡಿಸ್ ಎಂಬುದು ಎಮಿಲ್ ಯೆಲಿನೆಕ್ ಅವರ ಮಗಳ ಹೆಸರು. ಯೆಲಿನೆಕ್ ಫ್ರಾನ್ಸ್‌ನ ನೀಸ್ ನಗರದಲ್ಲಿ ಶ್ರೀಮಂತರಿಗೆ ಡೈಮ್ಲರ್ ಕಂಪನಿಯ ಕಾರು ಮಾರುತ್ತಿದ್ದವರು. ಕಾರಿನಲ್ಲಿ ತಪ್ಪು ಕಂಡರೆ ಕಂಪನಿಯನ್ನು ಸುಮ್ಮನೆ ಬಿಡುತ್ತಿರಲಿಲ್ಲ. ಅವರ ಒತ್ತಾಯದಿಂದ ತಯಾರಾದ ಹೊಸ ಕಾರಿಗೆ 1901ರಲ್ಲಿ ಅವರ ಮಗಳ ಹೆಸರು ಬಂತು. ಬೆಂಜ್ ಮತ್ತು ಡೈಮ್ಲರ್ ಕಂಪನಿಗಳು ಒಂದಾದದ್ದು 1926ರಲ್ಲಿ. ಅಂದರೆ ಆ ಹೆಸರಿನ ಅರ್ಧ ಭಾಗ ಬಂದದ್ದೇ ಗ್ರಾಹಕರ ಪರವಾಗಿ ಜಗಳ ಮಾಡಿದ ಒಬ್ಬ ಡೀಲರ್‌ನಿಂದ.

ನಿಮ್ಮ ಗಾಡಿ ನಿಂತರೆ ಏನು ಮಾಡಬೇಕು?

ಈಗ ಅಗಡಿ ದಾರಿಯಲ್ಲಿ ನಿಂತ ನಿಮ್ಮ ಕಾರಿಗೆ ಮರಳೋಣ. ಬರ್ತಾ ಅವರಿಗೆ ಇಲ್ಲದ್ದು ನಿಮ್ಮ ಬಳಿ ಬಹಳಷ್ಟಿದೆ. ಆದರೆ ಅವರಂತೆ ಎಲ್ಲವನ್ನೂ ನೀವೇ ಬಿಚ್ಚಲು ಹೋಗಬೇಡಿ.

ಮೊದಲು ಜನ, ಆಮೇಲೆ ಗಾಡಿ. ಸಾಧ್ಯವಾದರೆ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತನ್ನಿ. ಎಚ್ಚರಿಕೆ ದೀಪ ಹಾಕಿ, ಕಾರಿನ ಜೊತೆ ಕೊಟ್ಟಿರುವ ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿ ಇಡಿ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತು ಬರುವ ಲಾರಿಯವರಿಗೆ ರಾತ್ರಿಯಲ್ಲಿ ನಿಂತ ಕಾರು ಬೇಗ ಕಾಣುವುದಿಲ್ಲ. ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಲ್ಲಿ.

ಹಬೆ ಬರುತ್ತಿದ್ದರೆ ಕೂಡಲೇ ರೇಡಿಯೇಟರ್ ಮುಚ್ಚಳ ತೆಗೆದು ನೀರು ಹಾಕಬೇಕು ಎಂಬುದು ಬಹಳ ಅಪಾಯದ ತಪ್ಪು ತಿಳಿವಳಿಕೆ. ಬೆಂಜ್ ಗಾಡಿಯಲ್ಲಿ ಹಬೆ ಹೊರಗೆ ಹೋಗುತ್ತಿತ್ತು. ಇಂದಿನ ಕಾರಿನಲ್ಲಿ ನೀರು ಒತ್ತಡದೊಳಗೆ ಬಂದಿಯಾಗಿರುತ್ತದೆ, ಆದ್ದರಿಂದ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿದು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ, ಪ್ರೆಷರ್ ಕುಕ್ಕರ್‌ನ ಮುಚ್ಚಳವನ್ನು ಬಿಸಿಯಲ್ಲೇ ತೆಗೆದಂತೆ. ಇಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ.

ಫೋನ್ ಯಾರಿಗೆ ಮಾಡಬೇಕು? ಕಾರು ಮಾರಿದ ಸೇಲ್ಸ್‌ನವರಿಗಲ್ಲ. ಹೊಸ ಕಾರುಗಳಿಗೆ ಸಾಮಾನ್ಯವಾಗಿ ಕೆಲವು ವರ್ಷ ಕಂಪನಿಯದ್ದೇ ರೋಡ್‌ಸೈಡ್ ಅಸಿಸ್ಟೆನ್ಸ್ ಇರುತ್ತದೆ. ಇಲ್ಲದಿದ್ದರೆ ಇನ್ಷೂರೆನ್ಸ್ ಪಾಲಿಸಿಯ ಜೊತೆ ತೆಗೆದುಕೊಂಡಿರಬಹುದು. ಆ ಎರಡೂ ನಂಬರ್‌ಗಳನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ಹಾವೇರಿ, ರಾಣೆಬೆನ್ನೂರು ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಿಂತಿದ್ದರೆ 1033 ನಂಬರ್‌ಗೆ ಕರೆ ಮಾಡಬಹುದು. ಇದು ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ, ಹಗಲು ರಾತ್ರಿ ಕೆಲಸ ಮಾಡುತ್ತದೆ. ಊರಿನ ರಸ್ತೆಗಳಿಗೆ ಇದು ಅನ್ವಯಿಸುವುದಿಲ್ಲ. ಅಪಘಾತವೋ ಜೀವಕ್ಕೆ ಅಪಾಯವೋ ಇದ್ದರೆ ಎಲ್ಲಿದ್ದರೂ 112.

ವಾರಂಟಿ ಇದ್ದರೆ ಹತ್ತಿರದ ಗ್ಯಾರೇಜಿನವರು ಇಂಜಿನ್ ಬಿಚ್ಚುವ ಮೊದಲು ಕಂಪನಿಗೆ ತಿಳಿಸಿ. ಪಂಕ್ಚರ್ ಹಾಕಿಸುವುದು ಬೇರೆ, ಇಂಜಿನ್ ಬಿಚ್ಚುವುದು ಬೇರೆ. ಆಮೇಲೆ ವಾರಂಟಿ ಕೇಳಿದಾಗ ವಾದಕ್ಕೆ ದಾರಿಯಾಗುತ್ತದೆ.

ಕೊನೆಯದಾಗಿ, ದೂರು. ಇಲ್ಲಿ ಮಾತ್ರ ಪೂರ್ತಿ ಬರ್ತಾ ಅವರಂತೆಯೇ ಮಾಡಿ. ಸಿಟ್ಟಿನಲ್ಲಿ ಗಾಡಿ ಸರಿ ಇಲ್ಲ ಎಂದು ಕೂಗಿದರೆ ಉಪಯೋಗವಿಲ್ಲ. ಎಷ್ಟು ಕಿಲೋಮೀಟರ್ ಓಡಿತ್ತು, ಯಾವ ದೀಪ ಹತ್ತಿತು, ಎಷ್ಟು ಗಂಟೆಗೆ ಕರೆ ಮಾಡಿದಿರಿ, ಯಾವಾಗ ಜನ ಬಂದರು, ಎಲ್ಲವನ್ನೂ ಬರೆದಿಡಿ. ಡ್ಯಾಶ್‌ಬೋರ್ಡ್ ಫೋಟೋ ತೆಗೆಯಿರಿ. ಸರ್ವೀಸ್ ಸೆಂಟರ್‌ನಲ್ಲಿ ಜಾಬ್ ಕಾರ್ಡ್ ಮೇಲೆ ನೀವು ಹೇಳಿದ ದೂರು ಬರೆದಿದೆಯೇ ಎಂದು ಓದಿಯೇ ಸಹಿ ಹಾಕಿ.

ಡೀಲರ್ ಕೇಳಿಸಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಮನೆಯಿಂದಲೇ ಆನ್‌ಲೈನ್ ಮೂಲಕವೂ ದೂರು ಹಾಕಬಹುದು. ಗ್ರಾಹಕ ರಕ್ಷಣಾ ಕಾಯ್ದೆ 2019ರ ಪ್ರಕಾರ ತಯಾರಕ, ಮಾರಾಟಗಾರ, ಸೇವೆ ಕೊಡುವವರು ಮೂವರ ಮೇಲೂ ಹೊಣೆ ಇದೆ. ತೊಂದರೆ ಆದ ದಿನದಿಂದ 2 ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂಬ ನಿಯಮವೂ ಇಲ್ಲ.

ಬರ್ತಾ ಬೆಂಜ್ ದಾರಿಯುದ್ದಕ್ಕೂ ಔಷಧಿ ಅಂಗಡಿಯವರನ್ನು, ಕಮ್ಮಾರರನ್ನು, ಬೂಟು ಹೊಲಿಯುವವರನ್ನು ಹುಡುಕಿಕೊಂಡು ಹೋಗಿ ಸಹಾಯ ಕೇಳಿದರು. ಮನೆಗೆ ಬಂದು ಕೆಟ್ಟದ್ದನ್ನೆಲ್ಲ ಒಂದೊಂದಾಗಿ ಹೇಳಿದರು. ಗಾಡಿ ಸುಧಾರಿಸಿದ್ದು ಅದರಿಂದ. ಈ ಕಥೆಯನ್ನು ಗುಂಪಿಗೆ ಕಳಿಸುವುದಾದರೆ ಮರ್ಸಿಡಿಸ್ ಮಗಳ ಸಾಲು ತೆಗೆದುಹಾಕಿ, ಅದರ ಜಾಗದಲ್ಲಿ 1033 ಮತ್ತು 1915 ಸೇರಿಸಿ ಕಳಿಸಿ. ಇವತ್ತು ರಾತ್ರಿ ಗಾಡಿ ಕೆಟ್ಟು ನಿಂತ ಯಾರಿಗಾದರೂ ಅದು ಉಪಯೋಗಕ್ಕೆ ಬರಬಹುದು.